ಚಿನ್ನದ ಗಣಿಯಲ್ಲಿ ವಿದ್ಯೆಯ ಸಂಪಾದನೆ

ವಿಶ್ವವಿದ್ಯಾನಿಲಯವೊಂದರ ಸಾಧನೆಯನ್ನು ಅಳೆಯುವ ಬಗೆ ಯಾವುದು? ಪ್ರತಿ ವರ್ಷವೂ ಘಟಿಕೋತ್ಸವದ ಮಂಟಪದಲ್ಲಿ ಪದವೀಧರರ ಹೆಸರುಗಳನ್ನು ಓದುತ್ತಾರೆ. ಮೊದಲ ಸ್ಥಾನ ಪಡೆದವರ ಕೊರಳಿಗೆ ಚಿನ್ನದ ಪದಕ ಬೀಳುತ್ತದೆ. ಮಾರನೆಯ ದಿವಸದ ಪತ್ರಿಕೆಗಳಲ್ಲಿ ಅವರ ಭಾವಚಿತ್ರಗಳು ಅಚ್ಚಾಗುತ್ತವೆ. ಇದೆಲ್ಲವೂ ಸಂತೋಷದ ವಿಷಯವೇ. ಆದರೆ ಪದಕವು ಕಲಿತದ್ದಕ್ಕೆ ದೊರೆತ ರಸೀತಿಯೇ ಹೊರತು, ಆ ಕಲಿಕೆಯಿಂದ ಲೋಕಕ್ಕೆ ಲಭಿಸಿದುದರ ಲೆಕ್ಕವಲ್ಲ. ಈ ಎರಡನೆಯ ಲೆಕ್ಕವನ್ನು ನೋಡಬೇಕಾದರೆ ಘಟಿಕೋತ್ಸವದ ಮಂಟಪವನ್ನು ಬಿಟ್ಟು ಬಹುದೂರ ಹೋಗಬೇಕಾಗುತ್ತದೆ. ಈ ಹೊತ್ತು ನಾವು ಹೋಗಬೇಕೆಂದಿರುವುದು ಕೋಲಾರದ ಚಿನ್ನದ ಗಣಿಗೆ. ಅದೂ ಗಣಿಯ ಬಾಗಿಲಿಗಲ್ಲ, ನೆಲದಿಂದ ಏಳು ಸಾವಿರ ಅಡಿಗಳಿಗಿಂತಲೂ ಕೆಳಗೆ.

ಮೈಸೂರು ವಿಶ್ವವಿದ್ಯಾನಿಲಯವು 1916ನೆಯ ಇಸವಿ ಜುಲೈ 27ರಂದು ಸ್ಥಾಪಿತವಾಯಿತು. ತರಗತಿಯ ನಾಲ್ಕು ಗೋಡೆಗಳನ್ನು ದಾಟಿ ನಡೆಯುವ ಅಭ್ಯಾಸ ಅದರ ಅಧ್ಯಾಪಕರಿಗೆ ಮೊದಲಿನಿಂದಲೂ ಇದ್ದಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ, 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿಯನ್ನು ಪ್ರಾರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದುದು ಆ ಮನೆಯ ಸಣ್ಣ ಕೇಂದ್ರಕ್ಕಾಗಿಯೇ. ಈ ಎರಡು ಕೆಲಸಗಳನ್ನೂ ಯಾವ ಪಠ್ಯಕ್ರಮವೂ ವಿಧಿಸಿರಲಿಲ್ಲ. ಇಂಥ ವಾತಾವರಣದಲ್ಲಿ ಬೆಳೆದ ವಿದ್ಯಾರ್ಥಿಯೊಬ್ಬರು, ಬೇರೆ ಬೇರೆ ಸಂಸ್ಥೆಗಳ ಮತ್ತು ಬೇರೆ ಬೇರೆ ದೇಶಗಳ ವಿದ್ವಾಂಸರೊಡನೆ ಕೂಡಿ, ಕೋಲಾರದ ಗಣಿಯಲ್ಲಿ ನಡೆಸಿದ ತಪಸ್ಸಿನಂಥ ಕಾರ್ಯವೇ ನಮ್ಮ ಇಂದಿನ ವಿಷಯ.

ಮೊದಲು ಸ್ಥಳದ ಪರಿಚಯವಾಗಲಿ. ಬೆಂಗಳೂರಿನಿಂದ ಮದರಾಸಿನ ದಾರಿ ಹಿಡಿದು ಪೂರ್ವಕ್ಕೆ ರೈಲಿನಲ್ಲಿ ಹೊರಟರೆ ಬಂಗಾರಪೇಟೆ ಸಿಕ್ಕುತ್ತದೆ. ಹೆಸರಿನಲ್ಲಿಯೇ ಬಂಗಾರವಿರುವ ಈ ಊರನ್ನು ಹಿಂದೆ ಬೌರಿಂಗ್‌ಪೇಟೆಯೆಂದು ಕರೆಯುತ್ತಿದ್ದರು; 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗ್‌ನ ನೆನಪಿನದು ಆ ಹೆಸರು. ಇಲ್ಲಿಂದ ಕವಲೊಡೆದ ಹತ್ತು ಮೈಲಿಗಳ ರೈಲುದಾರಿ ಕೋರಮಂಡಲ, ಊರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳನ್ನು ಹಾದು ಮಾರಿಕುಪ್ಪದಲ್ಲಿ ಮುಗಿಯುತ್ತದೆ. ಗಣಿಗಾಗಿಯೇ ಹುಟ್ಟಿದ ದಾರಿಯಿದು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಕೆಲಸಕ್ಕೆ ಕೈಯಿಟ್ಟ ಮೇಲೆ ಗಣಿಗಳು ವರ್ಷದಿಂದ ವರ್ಷಕ್ಕೆ ಆಳವಾಗುತ್ತ ಹೋದುವು. 1902ರಲ್ಲಿ ಶಿವಸಮುದ್ರದ ಜಲಪಾತದಿಂದ ಸುಮಾರು 92 ಮೈಲಿಗಳ ತಂತಿಯ ಮೂಲಕ ವಿದ್ಯುಚ್ಛಕ್ತಿ ಬಂದಿತು. ಚಾಂಪಿಯನ್ ರೀಫ್ ಗಣಿಯು ಕೊನೆಗೆ ಹತ್ತು ಸಾವಿರ ಅಡಿಗಳನ್ನು ಮೀರಿ, ಅಂದರೆ ಸುಮಾರು 3.2 ಕಿಲೋಮೀಟರಿನವರೆಗೆ ಇಳಿಯಿತು. ಲೋಕದ ಅತ್ಯಂತ ಆಳವಾದ ಗಣಿಗಳ ಸಾಲಿನಲ್ಲಿ ಅದಕ್ಕೆ ಸ್ಥಾನವಿದ್ದಿತು. ಸುಮಾರು 120 ವರ್ಷಗಳಲ್ಲಿ ಈ ಕ್ಷೇತ್ರದಿಂದ ಹೊರಬಂದ ಚಿನ್ನ 800 ಟನ್ನುಗಳಿಗೂ ಹೆಚ್ಚು.

ಚಿನ್ನವನ್ನು ತೆಗೆದ ಮೇಲೆ ಉಳಿಯುವುದು ಬರಿಯ ಪೊಳ್ಳು. ಗಣಿಯ ಕಂಪೆನಿಗೆ ಆ ಪೊಳ್ಳಿನಿಂದ ಪ್ರಯೋಜನವಿಲ್ಲ. ಆದರೆ ಶಾಸ್ತ್ರಜ್ಞರಿಗೆ ಬೇಕಾಗಿದ್ದುದು ಆ ಪೊಳ್ಳೇ ಮತ್ತು ಅದರ ಮೇಲೆ ಕವಿದಿರುವ ಬಂಡೆಯೇ. ಇದು ಹೇಗೆಂಬುದನ್ನು ತಿಳಿಯಬೇಕಾದರೆ ವಿಶ್ವಕಿರಣಗಳ ವಿಚಾರವನ್ನು ಸ್ವಲ್ಪ ನೋಡಬೇಕು.

ಶ್ರೋತೃಗಳು ದಯವಿಟ್ಟು ತಮ್ಮ ಅಂಗೈಯನ್ನು ಚಾಚಿ ನೋಡಬೇಕು. ಅಲ್ಲಿ ಏನೂ ಕಾಣುವುದಿಲ್ಲ. ಆದರೂ ಸೆಕೆಂಡಿಗೆ ಒಂದರಂತೆ ಸೂಕ್ಷ್ಮಕಣಗಳು ಆ ಅಂಗೈಯನ್ನು ತೂರಿಕೊಂಡು ಹೋಗುತ್ತಲೇ ಇವೆ. ದೂರದ ಆಕಾಶದಿಂದ ಅತ್ಯಂತ ವೇಗದಲ್ಲಿ ಬರುವ ಪ್ರೋಟಾನುಗಳೇ ಮೊದಲಾದ ಕಣಗಳು ನಮ್ಮ ವಾಯುಮಂಡಲದ ಪರಮಾಣುಗಳಿಗೆ ಬಡಿಯುತ್ತವೆ. ಆ ಬಡಿತದಿಂದ ಹೊಸ ಕಣಗಳು ಹುಟ್ಟುತ್ತವೆ. ಅವು ಒಡೆದು ಮತ್ತೆ ಬೇರೆ ಕಣಗಳಾಗುತ್ತವೆ. ಹೀಗೆ ನೆಲದವರೆಗೆ ಬಂದು ಮುಟ್ಟುವ ಕಣಗಳಲ್ಲಿ ಮುಖ್ಯವಾದುದು ಮ್ಯೂಯಾನ್. ಸಮುದ್ರಮಟ್ಟದಲ್ಲಿ ಒಂದು ಚದರ ಮೀಟರಿನಷ್ಟು ಜಾಗದಲ್ಲಿ ನಿಮಿಷಕ್ಕೆ ಸುಮಾರು 10,000 ಮ್ಯೂಯಾನ್‌ಗಳು ಬೀಳುತ್ತವೆ. ಅವು ಮನೆಯ ಮಾಳಿಗೆಗೆ ಅಂಜುವುದಿಲ್ಲ, ಬೆಟ್ಟಕ್ಕೂ ಬೇಗನೆ ಅಂಜುವುದಿಲ್ಲ. ಎಷ್ಟು ಆಳದ ಬಂಡೆಯಾದರೆ ಅವು ನಿಲ್ಲುತ್ತವೆ? ಆ ಆಳವನ್ನು ಅಳೆದರೆ, ಮೊದಲು ಅವು ಹೊರಟಾಗ ಇದ್ದ ಶಕ್ತಿಯನ್ನು ತಿಳಿಯಬಹುದು. ಅಳೆಯಲು ಆಳವಾದ ಬಾವಿಯೊಂದು ಬೇಕು. ಕೋಲಾರದಲ್ಲಿ ಅಂಥ ಬಾವಿ ಸಿದ್ಧವಾಗಿಯೇ ಇದ್ದಿತು.

ಈಗ ನಮ್ಮ ವಿದ್ಯಾರ್ಥಿಯ ವಿಚಾರ. ಬಿ. ವಿ. ಶ್ರೀಕಂಠನ್ ಅವರು 1925ರಲ್ಲಿ ನಂಜನಗೂಡಿನಲ್ಲಿ ಜನಿಸಿದರು. ಆಗ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1946ರಲ್ಲಿ ಭೌತಶಾಸ್ತ್ರದ ಆನರ್ಸ್ ಪದವಿಯನ್ನೂ, 1947ರಲ್ಲಿ ಎಂ.ಎಸ್‌ಸಿ. ಪದವಿಯನ್ನೂ ಪಡೆದರು. ಎಂ.ಎಸ್‌ಸಿ.ಯಲ್ಲಿ ಅವರು ವಿಶೇಷವಾಗಿ ಅಭ್ಯಾಸ ಮಾಡಿದ್ದು ವೈರ್‌ಲೆಸ್, ಎಂದರೆ ನಿಸ್ತಂತು ವಿದ್ಯೆ. ಬಾನುಲಿಯ ಶ್ರೋತೃಗಳಿಗೆ ಇದು ಹಿತವಾದ ಸಂಗತಿಯಾಗಿರಬೇಕು. ಸಂಗೀತವನ್ನೂ ಉಪನ್ಯಾಸವನ್ನೂ ಮನೆಮನೆಗೆ ತಲಪಿಸುವ ಕವಾಟಗಳ ಮತ್ತು ಮಂಡಲಗಳ ಆ ವಿದ್ಯೆಯೇ, ಕಣ್ಣಿಗೆ ಕಾಣದ ಕಣವೊಂದು ಹಾದುಹೋದುದನ್ನು ಎಣಿಸುವುದಕ್ಕೂ ಬೇಕಾಗುತ್ತದೆ.

ಆ ಕಾಲಕ್ಕೆ ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಹೊಸದಾಗಿ ಹುಟ್ಟಿದ್ದಿತು. ಅದು 1945ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲಿಯೇ ಪ್ರಾರಂಭವಾಗಿ, ಅದೇ ವರ್ಷದ ಕೊನೆಗೆ ಮುಂಬಯಿಗೆ ಹೋಯಿತು. ಶ್ರೀಕಂಠನ್ 1948ರಲ್ಲಿ ಆ ಸಂಸ್ಥೆಯನ್ನು ಸೇರಿದರು. 1951ರಲ್ಲಿ ಭಾಭಾ ಅವರು ಈ ತರುಣನನ್ನು ಕರೆದು ಕೋಲಾರದ ಗಣಿಗೆ ಕಳುಹಿಸಿದರು: ಗಣಿಯ ಬೇರೆ ಬೇರೆ ಆಳಗಳಲ್ಲಿ ಮ್ಯೂಯಾನ್‌ಗಳನ್ನು ಎಣಿಸಿ ಬರಬೇಕು. ಮುಂಬಯಿಗೆ ಹೋದ ವಿದ್ಯಾರ್ಥಿ ಹೀಗೆ ಬಂಗಾರಪೇಟೆಯ ದಾರಿಯಲ್ಲಿ ತನ್ನ ನಾಡಿಗೇ ಹಿಂದಿರುಗುವಂತಾಯಿತು.

ಉಪಕರಣವೇನೋ ಸರಳವಾದುದೇ. ಗೈಗರ್ ನಳಿಗೆಗಳನ್ನು ಒಂದರ ಮೇಲೊಂದು ಸಾಲಾಗಿ ಜೋಡಿಸಿಡಬೇಕು. ಮೇಲಿನ, ನಡುವಣ ಮತ್ತು ಕೆಳಗಿನ ನಳಿಗೆಗಳೆಲ್ಲ ಏಕಕಾಲದಲ್ಲಿ ಮಿಡಿದರೆ ಕಣವೊಂದು ಮೇಲಿನಿಂದ ಕೆಳಕ್ಕೆ ಹಾದುಹೋಯಿತೆಂದು ಅರ್ಥ. ಆದರೆ ಅಂಗಡಿಯಲ್ಲಿ ಕೊಂಡು ತರುವ ಸಾಮಾನಲ್ಲ ಅದು; ನಳಿಗೆಯನ್ನೂ ಅದರ ವಿದ್ಯುನ್ಮಂಡಲವನ್ನೂ ಪ್ರಯೋಗ ಮಾಡುವವರೇ ಸಿದ್ಧಮಾಡಿಕೊಳ್ಳಬೇಕಾಗಿದ್ದಿತು. ಅದನ್ನು ಕೆಲಸಗಾರರು ಇಳಿಯುವ ಪಂಜರದಲ್ಲಿಯೇ ಇಳಿಸಿ, ಬಿಸಿಯೂ ತೇವವೂ ದೂಳೂ ತುಂಬಿದ ಸುರಂಗಗಳಲ್ಲಿ ಹೊತ್ತು ಸಾಗಿಸಿ, ಎಣಿಕೆಗೆ ಕುಳ್ಳಿರಿಸಬೇಕು. ಎಸ್. ನಾರಣನ್ ಮತ್ತು ಪಿ. ವಿ. ರಮಣಮೂರ್ತಿ ಎಂಬ ಜೊತೆಗಾರರೊಡನೆ ಶ್ರೀಕಂಠನ್ ಮಾಡಿದ ಈ ಮೊದಲಿನ ಅಳತೆಗಳು ಸುಮಾರು 1,000 ಅಡಿಗಳ ಆಳದವರೆಗೆ ಹೋದುವು. 1954ರಲ್ಲಿ ಅವರಿಗೆ ಡಾಕ್ಟರ್ ಪದವಿ ದೊರೆಯಿತು.

ಇಲ್ಲಿ ಮತ್ತೊಂದು ವಿದ್ಯೆಯ ಋಣವನ್ನೂ ಹೇಳಬೇಕು. ಆಳವೆಂದರೆ ಬರಿಯ ಅಡಿಗಳ ಲೆಕ್ಕವಲ್ಲ; ಮೇಲಿರುವ ಬಂಡೆ ಎಷ್ಟು ಸಾಂದ್ರವಾದುದೆಂಬುದೂ ಗೊತ್ತಿರಬೇಕು. ಸಾಮಾನ್ಯವಾದ ಕಲ್ಲಿನ ಸಾಂದ್ರತೆ ನೀರಿನ ಎರಡೂವರೆ ಪಾಲಿಗಿಂತ ಸ್ವಲ್ಪ ಹೆಚ್ಚು; ಕೋಲಾರದ ಕಪ್ಪು ಬಂಡೆಯದು ಸುಮಾರು ಮೂರು ಪಾಲು. ಆದಕಾರಣ ಇಲ್ಲಿನ ಒಂದು ಅಡಿ ಬೇರೆಡೆಯ ಒಂದು ಅಡಿಗಿಂತ ಹೆಚ್ಚು ತಡೆಯನ್ನು ಒಡ್ಡುತ್ತದೆ. ಈ ನೆಲದ ಕಲ್ಲುಗಳನ್ನು ತಿಳಿದವರು 1894ರಲ್ಲಿ ಸ್ಥಾಪಿತವಾದ ಮೈಸೂರಿನ ಭೂವಿಜ್ಞಾನ ಇಲಾಖೆಯ ವಿದ್ವಾಂಸರು. ಅವರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿಯೇ ಓದಿದ್ದ ಬಿ. ಪಿ. ರಾಧಾಕೃಷ್ಣ ಅವರೂ ಒಬ್ಬರು. 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿದವರಲ್ಲಿ ಮುಖ್ಯರಾದ ಅವರು, ನಮ್ಮ ದೇಶದ ಚಿನ್ನದ ನಿಕ್ಷೇಪಗಳನ್ನು ಕುರಿತು ಗ್ರಂಥಗಳನ್ನೇ ಬರೆದರು. ಒಂದೇ ಕಾಲೇಜಿನ ಒಬ್ಬ ವಿದ್ಯಾರ್ಥಿ ಬಂಡೆಯನ್ನು ಓದಿದರೆ, ಇನ್ನೊಬ್ಬ ವಿದ್ಯಾರ್ಥಿ ಬಂಡೆಯನ್ನು ತೂರಿ ಬಂದುದನ್ನು ಓದಿದನು.

1961ರ ವೇಳೆಗೆ ಕೆಲಸ ಇನ್ನೂ ಆಳಕ್ಕೆ ಹೋಯಿತು. ಜಪಾನಿನ ಎಸ್. ಮಿಯಾಕೆ ಅವರು, ವಿ. ಎಸ್. ನರಸಿಂಹಂ ಮತ್ತು ರಮಣಮೂರ್ತಿಯವರೊಡನೆ, ಗಣಿಯ ಹಲವು ಮಟ್ಟಗಳಲ್ಲಿ ದೊಡ್ಡ ಉಪಕರಣಗಳನ್ನಿಟ್ಟು ಎಣಿಸುತ್ತ ಹೋದರು. ಇಳಿದಂತೆಲ್ಲ ಎಣಿಕೆ ಕಡಮೆಯಾಯಿತು. ಕೊನೆಗೆ 2,760 ಮೀಟರುಗಳ ಆಳದಲ್ಲಿ ಉಪಕರಣವನ್ನಿಟ್ಟು ಸುಮಾರು ಎರಡು ತಿಂಗಳು ಕಾದರು. ಎರಡು ತಿಂಗಳಲ್ಲಿ ಬಂದ ಮ್ಯೂಯಾನ್‌ಗಳ ಸಂಖ್ಯೆ ಸೊನ್ನೆ.

ಎರಡು ತಿಂಗಳ ದುಡಿಮೆಗೆ ಸೊನ್ನೆಯೇ ಫಲವಾದರೆ ಅದನ್ನು ಸಾಧನೆಯೆನ್ನಬಹುದೇ? ಲೌಕಿಕರ ಲೆಕ್ಕದಲ್ಲಿ ಅನ್ನಲಾಗದು. ಅಷ್ಟು ಅದುರು ಅಗೆದು ಒಂದು ಗುಲಗಂಜಿ ಚಿನ್ನವೂ ಸಿಕ್ಕದಿದ್ದರೆ ಗಣಿಯ ಮ್ಯಾನೇಜರು ಆ ಸುರಂಗವನ್ನು ಮುಚ್ಚಿಸುತ್ತಿದ್ದನು. ಆದರೆ ಶಾಸ್ತ್ರದಲ್ಲಿ ಸೊನ್ನೆಗಳು ಎರಡು ಬಗೆ. ನೋಡಲಾರದವನಿಗೆ ಏನೂ ಕಾಣದಿರುವುದು ಒಂದು ಸೊನ್ನೆ. ಚೆನ್ನಾಗಿ ನೋಡಬಲ್ಲವನು, ತನ್ನ ಉಪಕರಣವು ಎಚ್ಚತ್ತಿದೆಯೆಂದು ಪರೀಕ್ಷಿಸಿಕೊಂಡು, ತಿಂಗಳುಗಟ್ಟಲೆ ಕಾದು, ಇಲ್ಲಿ ಏನೂ ಇಲ್ಲವೆಂದು ನಿಶ್ಚಯಿಸುವುದು ಇನ್ನೊಂದು ಸೊನ್ನೆ. ಈ ಎರಡನೆಯದು ಜ್ಞಾನ. ಕೋಲಾರದ ಸೊನ್ನೆ ಅಂಥದು. ಅದರ ಅರ್ಥವಿಷ್ಟೆ: ಭೂಮಿಯ ಮೇಲಿನ ಗದ್ದಲ ಕೇಳಿಸದಷ್ಟು ನಿಶ್ಶಬ್ದವಾದ ಒಂದು ಕೋಣೆ ಇಲ್ಲಿದೆ. ಅತಿ ಮೆಲುದನಿಯನ್ನು ಕೇಳಬೇಕೆನ್ನುವವರು ಇಲ್ಲಿ ಬಂದು ಕುಳಿತುಕೊಳ್ಳಬಹುದು.

ಆ ಮೆಲುದನಿ ಯಾರದು? ನ್ಯೂಟ್ರಿನೋ ಎಂಬ ಕಣದ್ದು. 1930ರಲ್ಲಿ ವೋಲ್ಫ್‌ಗಾಂಗ್ ಪೌಲಿ ಎಂಬ ಪಂಡಿತನು ಇಂಥ ಕಣವೊಂದು ಇರಲೇಬೇಕೆಂದು ಊಹಿಸಿದನು. ಅದಕ್ಕೆ ವಿದ್ಯುದಂಶವಿಲ್ಲ; ತೂಕವೋ ಇದ್ದೂ ಇಲ್ಲದಂಥದು. ಸೂರ್ಯನಿಂದ ಹೊರಟು ಬರುವ ನ್ಯೂಟ್ರಿನೋಗಳೇ ಸೆಕೆಂಡಿಗೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 6,500 ಕೋಟಿಯಷ್ಟು ನಮ್ಮ ಮೈಯನ್ನು ಹಾದುಹೋಗುತ್ತಿವೆ. ಒಂದೂ ನಮ್ಮನ್ನು ಮಾತನಾಡಿಸುವುದಿಲ್ಲವೆನ್ನಬಹುದು. ಇಡೀ ಭೂಮಂಡಲವೇ ಅಡ್ಡಬಂದರೂ ಅವು ನಿಲ್ಲದೆ ಆಚೆಗೆ ಹೋಗುತ್ತವೆ. 1956ರಲ್ಲಿ ಅಮೆರಿಕದ ರೈನ್ಸ್ ಮತ್ತು ಕೋವನ್ ಎಂಬವರು ಪರಮಾಣು ರಿಯಾಕ್ಟರಿನ ಪಕ್ಕದಲ್ಲಿ ಕುಳಿತು, ಮನುಷ್ಯನೇ ಉತ್ಪತ್ತಿ ಮಾಡಿದ ನ್ಯೂಟ್ರಿನೋಗಳನ್ನು ಕಂಡುಹಿಡಿದರು. ಆದರೆ ವಿಶ್ವಕಿರಣಗಳು ನಮ್ಮ ವಾಯುಮಂಡಲದಲ್ಲಿ ಹುಟ್ಟಿಸುವ ನ್ಯೂಟ್ರಿನೋಗಳನ್ನು, ಅಂದರೆ ಪ್ರಕೃತಿಯೇ ಕಳುಹಿಸುವ ನ್ಯೂಟ್ರಿನೋಗಳನ್ನು, ಅದುವರೆಗೆ ಯಾರೂ ಕಂಡಿರಲಿಲ್ಲ.

ಕಾಣುವ ಉಪಾಯ ಇದು. ಎಷ್ಟೋ ಕೋಟಿ ನ್ಯೂಟ್ರಿನೋಗಳಲ್ಲಿ ಎಲ್ಲೋ ಒಂದು, ಗಣಿಯ ಸುತ್ತಲಿನ ಬಂಡೆಯ ಪರಮಾಣುವಿಗೆ ಬಡಿದು, ಒಂದು ಮ್ಯೂಯಾನ್ ಅನ್ನು ಹುಟ್ಟಿಸುತ್ತದೆ. ಆ ಮ್ಯೂಯಾನ್ ಉಪಕರಣವನ್ನು ಹಾದುಹೋಗುತ್ತದೆ. ನೆಲದ ಮೇಲೆ ಈ ಒಂದನ್ನು ಹುಡುಕುವುದು ಜಾತ್ರೆಯಲ್ಲಿ ಸೂಜಿ ಬಿದ್ದ ಸದ್ದನ್ನು ಆಲಿಸುವಂತೆ. ಏಕೆಂದರೆ ಅಲ್ಲಿ ಆಕಾಶದಿಂದ ಬೀಳುವ ಮ್ಯೂಯಾನ್‌ಗಳದೇ ಮಳೆ. 2.3 ಕಿಲೋಮೀಟರ್ ಆಳದಲ್ಲಿಯಾದರೋ ಆ ಮಳೆ ಕೋಟಿ ಪಾಲಿಗಿಂತಲೂ ಕಡಮೆಯಾಗಿರುತ್ತದೆ. ಆದರೂ ಪೂರ್ತಿಯಾಗಿ ನಿಂತಿರುವುದಿಲ್ಲ. ಹಾಗಾದರೆ ಉಳಿದ ಹನಿಗಳನ್ನೂ ನ್ಯೂಟ್ರಿನೋವಿನಿಂದ ಹುಟ್ಟಿದುದನ್ನೂ ಬೇರ್ಪಡಿಸುವುದು ಹೇಗೆ?

ದಿಕ್ಕಿನಿಂದ. ಮೇಲಿನಿಂದ ನೇರವಾಗಿ ಇಳಿಯುವ ಮ್ಯೂಯಾನ್‌ಗೆ ಅಡ್ಡವಿರುವುದು 2.3 ಕಿಲೋಮೀಟರ್ ಬಂಡೆ. 60 ಡಿಗ್ರಿಗಳಷ್ಟು ಓರೆಯಾಗಿ ಬಂದರೆ ದಾರಿ ಎರಡರಷ್ಟಾಗುತ್ತದೆ. ಇನ್ನೂ ಓರೆಯಾದರೆ ಹತ್ತಾರು ಕಿಲೋಮೀಟರುಗಳಾಗುತ್ತದೆ. ಅಷ್ಟನ್ನು ದಾಟುವ ಶಕ್ತಿ ಮ್ಯೂಯಾನ್‌ಗಿಲ್ಲ. ನ್ಯೂಟ್ರಿನೋವಿಗೆ ಮೇಲೆ, ಕೆಳಗೆ, ಪಕ್ಕ ಎಲ್ಲವೂ ಒಂದೇ. ಆದುದರಿಂದ ಗಣಿಯೊಳಗೆ ಅಡ್ಡಡ್ಡಲಾಗಿ ಬಂದ ಕಣವನ್ನು ಕಂಡರೆ ಅದು ನ್ಯೂಟ್ರಿನೋವಿನ ಸಂತತಿಯೆಂದು ನಂಬಬಹುದು. ಅದಕ್ಕಾಗಿ ಉಪಕರಣವನ್ನು ಚಾವಣಿಯಂತೆ ಹಾಸದೆ ಗೋಡೆಗಳಂತೆ ನೆಟ್ಟಗೆ ನಿಲ್ಲಿಸಿದರು. ಕಣ ತಾಗಿದರೆ ಬೆಳಕು ಬಿಡುವ ಪ್ಲಾಸ್ಟಿಕ್ಕಿನ ಎರಡು ಗೋಡೆಗಳು. ಅವುಗಳ ನಡುವೆ ಸೀಸದ ಹಲಗೆಗಳು, ಮತ್ತು ಕಣ ಹೋದ ದಾರಿಯಲ್ಲೆಲ್ಲ ಮಿನುಗುವ ನಿಯಾನ್ ನಳಿಗೆಗಳ ಸಾಲು. ಗೋಡೆಗಳು ಕಾಲವನ್ನು ಹೇಳುತ್ತವೆ. ನಳಿಗೆಗಳು ದಾರಿಯನ್ನು ತೋರಿಸುತ್ತವೆ.

ಇದನ್ನು ಕಟ್ಟಿದವರು ಮೂರು ಕಡೆಯವರು: ಮುಂಬಯಿಯ ಟಾಟಾ ಸಂಸ್ಥೆ, ಜಪಾನಿನ ಓಸಾಕಾ ನಗರ ವಿಶ್ವವಿದ್ಯಾನಿಲಯ, ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾನಿಲಯ. ಟಾಟಾ ಸಂಸ್ಥೆಯ ಕಡೆಯಿಂದ ಶ್ರೀಕಂಠನ್, ರಮಣಮೂರ್ತಿ, ನರಸಿಂಹಂ ಇವರೊಡನೆ ಎಂ. ಜಿ. ಕೆ. ಮೆನನ್ ಅವರಿದ್ದರು; 1928ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಇವರು ಬ್ರಿಸ್ಟಲಿನಲ್ಲಿ ಓದಿ ಬಂದವರು. ಓಸಾಕಾದ ಕಡೆಯಿಂದ ಮಿಯಾಕೆ, ಡರ್ಹಾಮಿನ ಕಡೆಯಿಂದ ಆರ್ನಾಲ್ಡ್ ವುಲ್ಫೆಂಡೇಲ್ ಮುಖ್ಯರು. ಜಗತ್ತಿನ ಇನ್ನೊಂದು ಮೂಲೆಯಲ್ಲಿಯೂ ಇದೇ ಬೇಟೆ ನಡೆದಿದ್ದಿತು. ಅದೇ ರೈನ್ಸ್ ಪಂಡಿತನು ಅಮೆರಿಕದ ಕೇಸ್ ಮತ್ತು ಜೊಹಾನ್ನೆಸ್‌ಬರ್ಗಿನ ವಿಟ್‌ವಾಟರ್ಸ್‌ರಾಂಡ್ ವಿದ್ಯಾಸಂಸ್ಥೆಗಳವರನ್ನು ಕೂಡಿಸಿಕೊಂಡು, ದಕ್ಷಿಣ ಆಫ್ರಿಕದ ಈಸ್ಟ್ ರಾಂಡ್ ಗಣಿಯಲ್ಲಿ ಕಾಯುತ್ತಿದ್ದನು. ಅದೂ ಚಿನ್ನದ ಗಣಿಯೇ.

1965ನೆಯ ಇಸವಿಯಲ್ಲಿ ಎರಡು ಗುಂಪುಗಳಿಗೂ ಫಲ ಸಿಕ್ಕಿತು. ಯಾರು ಮೊದಲಿಗರು ಎಂಬ ಪ್ರಶ್ನೆಗೆ ನ್ಯಾಯವಾದ ಉತ್ತರವನ್ನೇ ಕೊಡಬೇಕು. ದಕ್ಷಿಣ ಆಫ್ರಿಕದವರ ಉಪಕರಣದಲ್ಲಿ ಮೊದಲ ಕಣ ದಾಖಲಾದುದು ಆ ವರ್ಷದ ಫೆಬ್ರವರಿ 23ರಂದು. ಕೋಲಾರದವರ ಮೊದಲ ಕಣ ಬಂದುದು ಅದಾದ ಮೇಲೆ. ಆದರೆ ಕೋಲಾರದವರ ಲೇಖನ ಪತ್ರಿಕೆಗೆ ಮುಟ್ಟಿದುದು ಜುಲೈ 12ರಂದು, ಅಚ್ಚಾದುದು ಆಗಸ್ಟ್ 15ರಂದು. ರೈನ್ಸ್ ಅವರದು ಮುಟ್ಟಿದುದು ಜುಲೈ 26ರಂದು, ಅಚ್ಚಾದುದು ಆಗಸ್ಟ್ 30ರಂದು. ಹೀಗೆ ಕಂಡುದರಲ್ಲಿ ಅವರು ಮೊದಲು, ಹೇಳಿದುದರಲ್ಲಿ ನಮ್ಮವರು ಎರಡು ವಾರ ಮೊದಲು. ಅಭಿಮಾನಕ್ಕೆ ಇಷ್ಟು ಸಾಕು; ಇದಕ್ಕಿಂತ ಹೆಚ್ಚಾಗಿ ಹೇಳಿಕೊಂಡರೆ ಗಣಿಯಲ್ಲಿ ಸೊನ್ನೆಯನ್ನು ಸೊನ್ನೆಯೆಂದೇ ಬರೆದಿಟ್ಟವರಿಗೆ ಅಪಚಾರವಾಗುತ್ತದೆ.

ಈ ಶೋಧದ ಬೆಲೆ ಮುಂದೆ ತಿಳಿದುಬಂದಿತು. ಜಪಾನಿನ ಕಾಮಿಯೋಕಾ ಎಂಬಲ್ಲಿ, ಅದೂ ಗಣಿಯೊಳಗೆಯೇ, ಕಟ್ಟಿದ ಮಹಾ ಜಲಪಾತ್ರೆಯ ಸಹಾಯದಿಂದ ಇವೇ ವಾಯುಮಂಡಲದ ನ್ಯೂಟ್ರಿನೋಗಳನ್ನು ಸಾವಿರಗಟ್ಟಲೆ ಎಣಿಸಿದರು. ಭೂಮಿಯ ಆಚೆ ಬದಿಯಿಂದ ಬರುವ ಒಂದು ಜಾತಿಯ ನ್ಯೂಟ್ರಿನೋಗಳು ಮೇಲಿನಿಂದ ಬರುವುವಕ್ಕಿಂತ ಕಡಮೆಯಾಗಿರುವುದನ್ನು ಕಂಡು, ಅವು ದಾರಿಯಲ್ಲಿ ಜಾತಿ ಬದಲಾಯಿಸುತ್ತವೆಂದೂ, ಆದಕಾರಣ ಅವಕ್ಕೆ ತೂಕವಿದೆಯೆಂದೂ 1998ರಲ್ಲಿ ಸ್ಥಾಪಿಸಿದರು. ಆ ಕೆಲಸಕ್ಕಾಗಿ ತಕಾಕಿ ಕಾಜಿತಾ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಆ ನದಿಗೆ ಎರಡು ಊಟೆಗಳು. ಅವುಗಳಲ್ಲಿ ಒಂದು ನಮ್ಮ ಚಾಂಪಿಯನ್ ರೀಫ್.

ಗಣಿಯ ಕಥೆ 1965ಕ್ಕೆ ಮುಗಿಯಲಿಲ್ಲ. ಪ್ರೋಟಾನು ಚಿರಂಜೀವಿಯೇ ಎಂಬ ಪ್ರಶ್ನೆ 1970ರ ದಶಕದಲ್ಲಿ ಎದ್ದಿತು. ಪ್ರತಿಯೊಂದು ವಸ್ತುವಿನ ಪರಮಾಣುವಿನ ತಿರುಳಿನಲ್ಲಿಯೂ ಇರುವ ಈ ಕಣಕ್ಕೂ ಒಂದು ಆಯುಸ್ಸಿದೆಯೆಂದು ಕೆಲವು ಸಿದ್ಧಾಂತಗಳು ಹೇಳಿದುವು. ಆ ಆಯುಸ್ಸು 1ರ ಮುಂದೆ 30 ಸೊನ್ನೆಗಳನ್ನು ಇಟ್ಟಷ್ಟು ವರ್ಷಗಳ ಆಸುಪಾಸಿನದು. ಅಷ್ಟು ಕಾಲ ಯಾರು ಕಾದಾರು? ಒಂದು ಪ್ರೋಟಾನನ್ನು ಅಷ್ಟು ವರ್ಷ ಕಾಯುವುದಕ್ಕೆ ಬದಲಾಗಿ, ಅಷ್ಟು ಪ್ರೋಟಾನುಗಳನ್ನು ಒಂದೆಡೆ ಸೇರಿಸಿ ಒಂದು ವರ್ಷ ಕಾದರಾಯಿತು. ಒಂದು ಟನ್ ಕಬ್ಬಿಣದಲ್ಲಿ ಇಂಥ ತಿರುಳುಕಣಗಳು 6ರ ಮುಂದೆ 29 ಸೊನ್ನೆಗಳನ್ನು ಇಟ್ಟಷ್ಟಿರುತ್ತವೆ. ಆದುದರಿಂದ ಟಾಟಾ ಮತ್ತು ಓಸಾಕಾ ಸಂಸ್ಥೆಗಳವರು 1980ರಲ್ಲಿ 2.3 ಕಿಲೋಮೀಟರ್ ಆಳದಲ್ಲಿ 140 ಟನ್ನುಗಳ ಉಪಕರಣವನ್ನು ಕಟ್ಟಿ ನಿಲ್ಲಿಸಿದರು. ಕಬ್ಬಿಣದ ತಗಡುಗಳ ನಡುವೆ ಸುಮಾರು 1,600 ಎಣಿಕೆಯ ಕೊಳವೆಗಳು. ಪ್ರೋಟಾನಿನ ಸಾವನ್ನು ಕಾಯುವುದಕ್ಕಾಗಿಯೇ ಈ ಪ್ರಮಾಣದಲ್ಲಿ ಕಟ್ಟಿದ ಉಪಕರಣಗಳಲ್ಲಿ ಕೆಲಸಕ್ಕೆ ತೊಡಗಿದುದು ಇದೇ ಮೊದಲು. 1985ರಿಂದ 2 ಕಿಲೋಮೀಟರ್ ಆಳದಲ್ಲಿ ಇನ್ನೂ ದೊಡ್ಡದಾದ ಇನ್ನೊಂದು ಉಪಕರಣವೂ ಕಾಯತೊಡಗಿತು.

ಮೊದಲ ವರ್ಷಗಳಲ್ಲಿಯೇ ಪ್ರೋಟಾನು ಅಳಿದುದರ ಗುರುತೆಂದು ತೋರುವ ಕೆಲವು ಘಟನೆಗಳು ಕಂಡುವು. ಅವನ್ನು ಪ್ರಕಟಿಸಿದರು, ಲೋಕದ ವಿದ್ವಾಂಸರೆಲ್ಲ ಕೋಲಾರದ ಕಡೆ ತಿರುಗಿ ನೋಡಿದರು. ಆದರೆ ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ಕಟ್ಟಿದ ಬಹು ದೊಡ್ಡ ಉಪಕರಣಗಳಲ್ಲಿ ಅಂಥದು ಕಾಣಲಿಲ್ಲ. ಪ್ರೋಟಾನಿನ ಆಯುಸ್ಸು, ಅದಕ್ಕೆ ಅಂಥದೊಂದು ಇದ್ದಲ್ಲಿ, ಮುಖ್ಯವಾದ ಅಳಿವಿನ ದಾರಿಯೊಂದರ ಮಟ್ಟಿಗೆ 1ರ ಮುಂದೆ 34 ಸೊನ್ನೆಗಳನ್ನು ಇಟ್ಟಷ್ಟು ವರ್ಷಗಳಿಗಿಂತಲೂ ಹೆಚ್ಚೆಂದು ಜಪಾನಿನ ಎಣಿಕೆಗಳು ತೋರಿಸಿವೆ. ಕೋಲಾರದ ಆ ಘಟನೆಗಳು ಸ್ಥಿರಪಡಲಿಲ್ಲ. ಇದನ್ನು ಮುಚ್ಚಿಡಬೇಕಾದುದಿಲ್ಲ. ತಾನು ಕಂಡುದನ್ನು ಮುಂದಿಟ್ಟು, ಇದನ್ನು ನೀವೂ ಪರೀಕ್ಷಿಸಿ ಎಂದು ಲೋಕಕ್ಕೆ ಹೇಳುವುದು, ಪರೀಕ್ಷೆಯಲ್ಲಿ ನಿಲ್ಲದಿದ್ದರೆ ಅದನ್ನು ಒಪ್ಪಿಕೊಳ್ಳುವುದು, ಇದೂ ವಿದ್ಯೆಯ ಮರ್ಯಾದೆಯೇ. ಸಾಧನೆಗಳ ಪಟ್ಟಿಯಲ್ಲಿ ಇಂಥದಕ್ಕೆ ಕಲಮು ಇರುವುದಿಲ್ಲ, ಇರಬೇಕು.

ಆಮೇಲೆ ಅವರವರು ಏರಿದ ಪದವಿಗಳನ್ನು ಸಂಕ್ಷೇಪವಾಗಿ ಹೇಳಿ ಮುಗಿಸಬಹುದು. ಮೆನನ್ 1966ರಲ್ಲಿ ಟಾಟಾ ಸಂಸ್ಥೆಯ ನಿರ್ದೇಶಕರಾದರು. ಶ್ರೀಕಂಠನ್ 1975ರಿಂದ 1987ರವರೆಗೆ ಆ ಸ್ಥಾನದಲ್ಲಿದ್ದರು. ವುಲ್ಫೆಂಡೇಲ್ 1991ರಲ್ಲಿ ಬ್ರಿಟನ್ನಿನ ರಾಜಜ್ಯೋತಿರ್ವಿಜ್ಞಾನಿಯಾದರು. 1966ರಲ್ಲಿ ವೃಶ್ಚಿಕರಾಶಿಯ ಕ್ಷ-ಕಿರಣ ನಕ್ಷತ್ರವನ್ನು ದೂರದರ್ಶಕದಲ್ಲಿ ಗುರುತಿಸಿದವರ ಲೇಖನದಲ್ಲಿ ಶ್ರೀಕಂಠನ್ ಅವರ ಹೆಸರೂ ಇದೆ. 1988ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಬಂದಿತು. ಕೊನೆಯ ದಶಕಗಳಲ್ಲಿ ಅವರು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿದ್ದು, ಮನುಷ್ಯನ ಅರಿವಿನ ಸ್ವರೂಪವೇನೆಂಬ ಪ್ರಶ್ನೆಯನ್ನು ಚಿಂತಿಸುತ್ತಿದ್ದರು. 2019ರ ಅಕ್ಟೋಬರಿನಲ್ಲಿ, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಆದರೆ ಈ ಹೆಸರುಗಳನ್ನಷ್ಟೇ ಹೇಳಿ ಮುಗಿಸಿದರೆ ನಮ್ಮ ಲೆಕ್ಕ ಅರ್ಧವಾಗುತ್ತದೆ. ಆ ನಿಶ್ಶಬ್ದವಾದ ಕೋಣೆಯನ್ನು ಅಗೆದವರು ಯಾರು? ಆರ್ಕಾಟಿನ ಸೀಮೆಯಿಂದಲೂ, ಆಂಧ್ರದ ಗಡಿಯಿಂದಲೂ, ನಮ್ಮ ಸುತ್ತಲಿನ ಹಳ್ಳಿಗಳಿಂದಲೂ ಕೂಲಿಗಾಗಿ ಬಂದು ತಲೆಮಾರುಗಳ ಕಾಲ ಗಣಿಯೊಳಗೆ ದುಡಿದವರು. ಅತ್ಯಂತ ಆಳದಲ್ಲಿ ಬಂಡೆಯ ಶಾಖವೇ 60 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತಿದ್ದಿತು. ಮೇಲಿನಿಂದ ತಂಪು ಗಾಳಿಯನ್ನು ಊದಿ ಕಳುಹಿಸದಿದ್ದರೆ ಅಲ್ಲಿ ನಿಲ್ಲುವಂತಿರಲಿಲ್ಲ. ಒತ್ತಡ ತಾಳಲಾರದೆ ಬಂಡೆ ಒಮ್ಮೆಗೇ ಸಿಡಿದು ಪ್ರಾಣಗಳು ಹೋದುದುಂಟು. ಕಲ್ಲಿನ ದೂಳು ಎದೆಯಲ್ಲಿ ಸೇರಿ ಆಯುಸ್ಸು ಸವೆದುದುಂಟು. ವಿದ್ವಾಂಸರ ಉಪಕರಣ ಇಳಿದುದು ಇವರು ನಡೆಸುತ್ತಿದ್ದ ಪಂಜರದಲ್ಲಿ. ಉಸಿರಾಡಿದುದು ಇವರು ಊದಿಸುತ್ತಿದ್ದ ಗಾಳಿಯನ್ನು. ಅಲ್ಲಿ ನೀರು ನಿಲ್ಲದಂತೆ ಪಂಪುಗಳನ್ನು ಕಾಯುತ್ತಿದ್ದವರೂ ಇವರೇ. ಹನ್ನೊಂದು ಮಂದಿ ವಿದ್ವಾಂಸರ ಸಹಿಯಿರುವ 1965ರ ಲೇಖನದ ಹಿಂದೆ, ಸಹಿ ಮಾಡದ ಸಹಸ್ರಾರು ಕೈಗಳಿವೆ.

ಗಣಿಯ ಆಳದ ಮಟ್ಟಗಳಲ್ಲಿ ಚಿನ್ನ ತೆಗೆಯುವ ವೆಚ್ಚವು ಚಿನ್ನದ ಬೆಲೆಯನ್ನು ಮೀರುತ್ತ ಬಂದಿತು. ಆಳದ ಮಟ್ಟಗಳು ಮುಚ್ಚತೊಡಗಿದುವು. 1990ರ ದಶಕದ ಆದಿಯಲ್ಲಿ ಪ್ರಯೋಗಗಳು ನಿಂತುವು. 2001ರ ಫೆಬ್ರವರಿ 28ರಂದು ಗಣಿಗಳೇ ಮುಚ್ಚಿದುವು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ಏರಿತು. ಇಂದು ಆ ಊರಿಗೆ ಹೋದವರಿಗೆ ಕಾಣುವುದು ಅದುರಿನ ಪುಡಿಯ ಬೂದುಬಣ್ಣದ ದಿಬ್ಬಗಳು, ತುಕ್ಕು ಹಿಡಿದ ಗೋಪುರಗಳು, ಮತ್ತು ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೊರಡುವ ಗಣಿಗಾರರ ಮಕ್ಕಳೂ ಮೊಮ್ಮಕ್ಕಳೂ. ಚಿನ್ನದ ಮಾತನ್ನು ಎಲ್ಲರೂ ಆಡುತ್ತಾರೆ; ನ್ಯೂಟ್ರಿನೋವಿನ ಮಾತು ಅಪೂರ್ವ.

ಹಾಗಾದರೆ ವಿಶ್ವವಿದ್ಯಾನಿಲಯದ ಸಾಧನೆಯನ್ನು ಅಳೆಯುವ ಬಗೆ ಯಾವುದು ಎಂಬ ನಮ್ಮ ಮೊದಲಿನ ಪ್ರಶ್ನೆಗೆ ಬರೋಣ. ಸೆಂಟ್ರಲ್ ಕಾಲೇಜಿನ ಅಧ್ಯಾಪಕರು 1947ರಲ್ಲಿ ಒಬ್ಬ ವಿದ್ಯಾರ್ಥಿಗೆ ನಿಸ್ತಂತು ವಿದ್ಯೆಯನ್ನು ಕಲಿಸಿದಾಗ, ಅದು ನ್ಯೂಟ್ರಿನೋವನ್ನು ಹಿಡಿಯುವುದಕ್ಕೆಂದು ಅವರು ತಿಳಿದಿರಲಿಲ್ಲ. ತಿಳಿದಿರಲು ಸಾಧ್ಯವೂ ಇರಲಿಲ್ಲ. ಅವರು ಕಲಿಸಬೇಕಾದುದನ್ನು ಚೆನ್ನಾಗಿ ಕಲಿಸಿದರು, ಅಷ್ಟೆ. ಕಲಿತವನು ತನ್ನ ಕೈಯಿಂದಲೇ ಉಪಕರಣವನ್ನು ಕಟ್ಟಬಲ್ಲವನಾದನು. ಕತ್ತಲೆಯಲ್ಲಿ ತಿಂಗಳುಗಟ್ಟಲೆ ಕಾಯಬಲ್ಲವನಾದನು. ಏನೂ ಬರದಿದ್ದಾಗ ಏನೂ ಬರಲಿಲ್ಲವೆಂದು ಬರೆಯಬಲ್ಲವನಾದನು. ಈ ಮೂರು ಗುಣಗಳನ್ನು ಕೊಟ್ಟ ವಿದ್ಯಾಸಂಸ್ಥೆ ತನ್ನ ಕೆಲಸವನ್ನು ಮಾಡಿದೆ. ಪದಕವು ಅದರ ಮೇಲೆ ಬಂದರೆ ಬರಲಿ.

ಬಂಗಾರಪೇಟೆಯಲ್ಲಿ ರೈಲು ಬದಲಾಯಿಸುವ ನಮ್ಮ ಶ್ರೋತೃಗಳು ಮಾರಿಕುಪ್ಪದ ಕಡೆಗೆ ಹೋಗುವ ಗಾಡಿಯನ್ನು ಕಂಡಾಗ ಇದನ್ನು ಒಮ್ಮೆ ನೆನೆಯಬೇಕೆಂದು ನಮ್ಮ ಪ್ರಾರ್ಥನೆ. ಆ ದಾರಿಯಲ್ಲಿ ಹೊರಬಂದ ಚಿನ್ನ ಊರೂರಿಗೆ ಹಂಚಿಹೋಯಿತು. ಇಂದು ಅದು ಯಾರ ಪೆಟ್ಟಿಗೆಯಲ್ಲಿದೆಯೋ ಹೇಳಲಾಗದು. ಅದೇ ಗಣಿಯಲ್ಲಿ ದೊರೆತ ಅರಿವಾದರೋ ಎಲ್ಲ ದೇಶಗಳ ವಿದ್ಯಾರ್ಥಿಗಳ ಪುಸ್ತಕಗಳಲ್ಲಿದೆ. ನಮ್ಮ ಮಕ್ಕಳ ಪುಸ್ತಕಗಳಲ್ಲಿಯೂ, ಮುಖ್ಯವಾಗಿ ಆ ಗಣಿಯ ಊರಿನ ಮಕ್ಕಳ ಪುಸ್ತಕಗಳಲ್ಲಿಯೂ, ಅದು ಇರುವಂತೆ ನೋಡಿಕೊಳ್ಳುವುದು ನಮ್ಮ ವಿಶ್ವವಿದ್ಯಾನಿಲಯಗಳ ಮೇಲೆ ಉಳಿದಿರುವ ಸಾಲ.